ಡಬ್ಬಿಯೊಳಗೆ ಉಳಿದದ್ದು

ಮನೆಯ ಮುಂದೆ ಕಲ್ಲಿದ್ದಲು ಸುರಿದ ಸದ್ದಿಗೆ ಇರ್ಮೆಲಾಗೆ ಎಚ್ಚರವಾಯಿತು. ಎಚ್ಚರವಾದ ಮೇಲೂ ಅವಳು ಗೋಡೆಯ ಕಡೆಗೆ ಒತ್ತಿಕೊಂಡೇ ಮಲಗಿದ್ದಳು. ಹಾಸಿಗೆಯ ಇನ್ನೊಂದು ಪಾಲು ಖಾಲಿಯಾಗಿ ಒಂದು ಇಡೀ ಬೇಸಿಗೆ ಕಳೆದಿತ್ತು, ಎಲೆ ಉದುರುವ ಕಾಲವೂ ಕಳೆದಿತ್ತು. ಆದರೂ ಕಾಲು ಚಾಚಲು ಹೋದರೆ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತಿತ್ತು. ಗಣಿಯವರು ಚಳಿಗಾಲಕ್ಕೆಂದು ಕೆಲಸಗಾರರ ಮನೆಗಳಿಗೆ ಕೊಡುವ ಕಲ್ಲಿದ್ದಲು, ಕೆಲಸಗಾರ ಸತ್ತರೆ ಅವನ ಹೆಂಡತಿಗೂ ಬರುತ್ತದೆ. ರಾಶಿ ಮಾತ್ರ ಸಣ್ಣದು. ಸಣ್ಣದೆಂದು ಅವಳಿಗೆ ಸದ್ದಿನಲ್ಲೇ ಗೊತ್ತಾಯಿತು. ಇನ್ನೂ ಸುರಿಯಬಹುದೆಂದು ಕಿವಿಗೊಟ್ಟು ಕಾದಳು. ಸುರಿಯಲಿಲ್ಲ. ಕೆಳಗೆ ಅತ್ತೆ ಆಲ್ವಿನೆ ಗಾಡಿಯವನ ಜೊತೆ ಜಗಳಕ್ಕೆ ನಿಂತಿದ್ದಳು.

"ಅರ್ಧ ರಸ್ತೆಗೆ ಸುರಿದಿದ್ದೀಯಲ್ಲೋ, ಕಣ್ಣು ಎಲ್ಲಿಟ್ಕೊಂಡಿದ್ದೆ?"

"ನನಗೆ ಕಣ್ಣಿದೆ ಅಜ್ಜಿ, ಗಾಡಿಗಿಲ್ಲ."

"ಅಜ್ಜಿಯಂತೆ! ನಿಮ್ಮಪ್ಪ ನನ್ನ ಜೊತೆ ಕುಣೀಬೇಕು ಅಂತ ಶನಿವಾರ ಶನಿವಾರ ಬಂದು ನಿಲ್ತಿದ್ದ, ಹೋಗಿ ಕೇಳು ಅವನನ್ನ."

"ಅದಕ್ಕೇ ಇರಬೇಕು ಈಗ ಸೊಂಟ ಹಿಡ್ಕೊಂಡು ಕೂತಿರೋದು."

ಆಲ್ವಿನೆ ನಕ್ಕಳು. ಅತ್ತೆ ಹೀಗೆ ನಗುತ್ತಾಳೆಂಬುದೇ ಇರ್ಮೆಲಾಗೆ ಮರೆತುಹೋಗಿತ್ತು. ನೋಡೋಣವೆಂದು ಎದ್ದು ಕಿಟಕಿಯ ಪರದೆ ಸರಿಸಿದ್ದೇ ತಪ್ಪಾಯಿತು. ಗಾಡಿಯವನು ತಲೆಯೆತ್ತಿ ನೋಡಿದ, ಟೋಪಿ ತೆಗೆದ, ಅದನ್ನು ಎದೆಗೆ ಹಿಡಿದು ಮೆಲ್ಲಗೆ "ಗ್ಲುಕ್ ಔಫ್" ಎಂದ. ಗಣಿಗೆ ಇಳಿಯುವವರಿಗೆ ಹೇಳುವ ಹಾರೈಕೆ ಅದು. ಇಲ್ಲಿ ಹೆಣದ ಮುಂದೆಯೂ ಅದನ್ನೇ ಹೇಳುತ್ತಾರೆ. ಆಲ್ವಿನೆಯ ಮುಖವೂ ಗಂಭೀರವಾಯಿತು, ತುಂಟತನ ಮಾಡುತ್ತಿದ್ದಾಗ ಸಿಕ್ಕಿಬಿದ್ದವಳಂತೆ ಎಪ್ರನ್ನಿಗೆ ಕೈ ಒರೆಸಿಕೊಂಡಳು. ಬೇಕರಿಯಲ್ಲೂ ಇದೇ. ಇರ್ಮೆಲಾ ಒಳಗೆ ಕಾಲಿಟ್ಟರೆ ಹೆಂಗಸರು ಮಾತು ನಿಲ್ಲಿಸಿ ಬ್ರೆಡ್ಡಿನ ಕಡೆ ನೋಡುತ್ತಾರೆ. ನಗಿ, ನಾನೇನೂ ಅಂದುಕೊಳ್ಳುವುದಿಲ್ಲ ಎಂದು ಹೇಳಬೇಕೆನಿಸಿತು. ಬಾಯಿಂದ ಬಂದದ್ದು, "ಸಂಜೆ ಬಂದು ನೆಲಮಾಳಿಗೆಗೆ ಹಾಕ್ತೀನಿ" ಎಂಬುದಷ್ಟೆ.

ಅಡುಗೆಮನೆಯಲ್ಲಿ ಆಲ್ವಿನೆ ಕಾಫಿ ಬಗ್ಗಿಸಿ, ಬ್ರೆಡ್ಡಿಗೆ ಹಂದಿಯ ಕೊಬ್ಬು ಸವರಿ ಅವಳ ಮುಂದೆ ನೂಕಿ, ದಿನವೂ ಕೇಳುವುದನ್ನೇ ಕೇಳಿದಳು.

"ಇವತ್ತೂ ಬಿಡುತ್ತಾ ಅದು?"

"ನೋಡ್ಬೇಕು."

"ಹೋದ ವಾರ ಬಿಟ್ಟಿತ್ತಲ್ಲ."

"ಒಂಚೂರು."

"ಒಂಚೂರಾದ್ರೂ ಬಿಡ್ತಲ್ಲ," ಎಂದು ಆಲ್ವಿನೆ ಸಮಾಧಾನದಿಂದ ಕಾಫಿ ಹೀರಿದಳು. ಈ ಮಾತು ಮುಗಿಯದೆ ಅವಳ ಬೆಳಗು ಶುರುವಾಗುತ್ತಿರಲಿಲ್ಲ.

ಅದು ಎಂದರೆ ಪ್ರಯೋಗಾಲಯದ ಕಪಾಟಿನಲ್ಲಿದ್ದ ಒಂದು ಉಕ್ಕಿನ ಡಬ್ಬಿ. ಒಳಗೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕಲ್ಲಿದ್ದಲಿನ ತುಂಡು. ನೆಲದಡಿಯ ಪದರದಿಂದ ಕಿತ್ತ ಕೂಡಲೇ ಕಲ್ಲಿದ್ದಲು ತನ್ನೊಳಗಿನ ಅನಿಲ ಬಿಡತೊಡಗುತ್ತದೆ. ಆದ್ದರಿಂದ ಕಿತ್ತ ಜಾಗದಲ್ಲೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಮೇಲೆ ಕಳಿಸಬೇಕು. ಆಮೇಲೆ ಅದು ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ, ದಿನೇ ದಿನೇ ಕಡಿಮೆ. ಡಬ್ಬಿಯ ನಲ್ಲಿ ತಿರುಗಿಸಿದರೆ, ಬಂದ ಅನಿಲ ಗಾಜಿನ ಕೊಳವೆಯ ನೀರನ್ನು ಕೆಳಗೆ ತಳ್ಳುತ್ತದೆ. ನೀರು ಎಷ್ಟು ಇಳಿಯಿತೆಂದು ಬರೆದುಕೊಳ್ಳುವುದು, ಅದರಲ್ಲಿ ಸ್ವಲ್ಪವನ್ನು ಪುಟ್ಟ ಸೀಸೆಗೆ ತುಂಬಿ ಇಂಗಾಲ ತೂಗಲು ಕೊಡುವುದು: ಇದು ಇರ್ಮೆಲಾಳ ಕೆಲಸ. ಕೊನೆಗೊಂದು ವಾರ ನೀರು ಕದಲುವುದಿಲ್ಲ. ಆಗ ತುಂಡನ್ನು ತೆಗೆದು ಗಾಳಿಯಾಡದ ಗಿರಣಿಯಲ್ಲಿ ಪುಡಿ ಮಾಡಿ, ತಾನಾಗಿ ಬಿಡದೆ ಒಳಗೇ ಇಟ್ಟುಕೊಂಡ ಅನಿಲವನ್ನೂ ಅಳೆದು ಲೆಕ್ಕ ಮುಗಿಸಬೇಕು. ಈ ತುಂಡನ್ನು ಕಿತ್ತು ಡಬ್ಬಿಗೆ ಹಾಕಿದವನು ಅವಳ ಗಂಡ ಯೋಖೆನ್. ಅದೇ ವಾರ ಅವನು ಸತ್ತ. ಈ ಡಬ್ಬಿಯ ಜೊತೆ ಮೇಲೆ ಬಂದ ಬೇರೆ ಡಬ್ಬಿಗಳ ತುಂಡುಗಳನ್ನೆಲ್ಲ ಅವಳು ಪುಡಿ ಮಾಡಿ ಮುಗಿಸಿದ್ದಳು. ಇದೊಂದು ಉಳಿದಿತ್ತು.

ಟ್ರಾಮಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹೊರಗೆ, ಗಣಿಯೊಳಗೆ ಜನರನ್ನು ಇಳಿಸಿ ಮೇಲೆತ್ತುವ ದೊಡ್ಡ ಗಾಲಿ ತಿರುಗುತ್ತಿತ್ತು. ಯಾರೋ ಕೆಳಗೆ ಹೋಗುತ್ತಿದ್ದಾರೆ, ಅಥವಾ ಮೇಲೆ ಬರುತ್ತಿದ್ದಾರೆ. ದೂರದಿಂದ ನೋಡುವವರಿಗೆ ಎರಡೂ ಒಂದೇ. ಯೋಖೆನ್‌ನ ಮೇಲೆ ಬಿದ್ದದ್ದು ಮರ. ಜನ ಬಂಡೆ ಬಿತ್ತು ಎನ್ನುತ್ತಾರೆ, ಅವಳೂ ಹಾಗೇ ಹೇಳುತ್ತಾಳೆ, ಆದರೆ ಅದು ಮರವೇ. ಮೂವತ್ತು ಕೋಟಿ ವರ್ಷದ ಹಿಂದೆ ಜೌಗಿನಲ್ಲಿ ನಿಂತಿದ್ದ ಮರದ ಬುಡ ಮಣ್ಣಿನಲ್ಲಿ ಹೂತು ಕಲ್ಲಾಗಿ, ಗಣಿಯ ಸೂರಿನಲ್ಲಿ ಬಿರಡೆಯ ಹಾಗೆ ಕೂತಿರುತ್ತದೆ. ಕೆಳಗಿನ ಕಲ್ಲಿದ್ದಲು ತೆಗೆದಾಗ ಒಂದು ದಿನ ಸದ್ದಿಲ್ಲದೆ ಜಾರುತ್ತದೆ. ಗಣಿಯವರು ಅದಕ್ಕೆ ಇಟ್ಟ ಹೆಸರು ಶವಪೆಟ್ಟಿಗೆಯ ಮುಚ್ಚಳ. ಮದುವೆಯಾದ ಹೊಸದರಲ್ಲಿ ಯೋಖೆನ್ ಈ ಹೆಸರು ಹೇಳಿದಾಗ ಅವಳು ನಕ್ಕಿದ್ದಳು. ನಿಮ್ಮ ಭೂವಿಜ್ಞಾನದವರು ಇದಕ್ಕೆ ಇನ್ನೂ ಉದ್ದದ ಹೆಸರು ಇಟ್ಟಿರಬೇಕಲ್ಲ, ಅದು ಬಿದ್ದರೆ ನೋವು ಕಡಿಮೆಯಾ ಎಂದು ಅವನೂ ನಕ್ಕಿದ್ದ. ಟಿಕೆಟ್ ನೋಡುವವನು ಎದುರಿಗೆ ಬಂದು ನಿಂತಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವನು ಎರಡು ಸಲ ಕೇಳಿದ. ಆಮೇಲೆ ಅವಳ ಕಪ್ಪು ಕೋಟು ನೋಡಿ, ಕೇಳದೆ ಮುಂದೆ ಹೋದ. ಚೀಲದಲ್ಲಿ ಟಿಕೆಟ್ ಇತ್ತು. ತೋರಿಸಬೇಕೆಂದು ಅವಳು ಅದನ್ನು ಹಿಡಿದುಕೊಂಡೇ ಕೂತಳು, ಅವನು ತಿರುಗಿ ನೋಡಲಿಲ್ಲ.

ಇಂಗಾಲದಲ್ಲಿ ಎರಡು ಬಗೆ, ಹಗುರದ್ದು ಮತ್ತು ಭಾರದ್ದು. ಭಾರದ್ದು ನೂರಕ್ಕೆ ಒಂದರಷ್ಟು. ಜೌಗಿನ ಮರಗಳು ಆಳಕ್ಕಿಳಿದು, ಭೂಮಿಯ ಬಿಸಿಗೆ ಬೆಂದು ಕಲ್ಲಿದ್ದಲಾಗುವಾಗ ಹಗುರ ಇಂಗಾಲದ ಕಟ್ಟು ಮೊದಲು ಬಿಚ್ಚಿಕೊಳ್ಳುತ್ತದೆ. ಅದು ಅನಿಲವಾಗಿ ಹೊರಟುಹೋಗುತ್ತದೆ. ಬಿಸಿ ಏರಿದಂತೆ ಭಾರದ್ದೂ ಹೊರಡುತ್ತದೆ, ತಡವಾಗಿ. ಕಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ಅನಿಲ ಡಬ್ಬಿಯೊಳಗೆ ಬಿಡುಗಡೆಯಾಗುವಾಗಲೂ ಹಾಗೆಯೇ: ಮೊದಲು ಹಗುರದ್ದು, ವಾರ ಕಳೆದಂತೆ ಭಾರ, ಇನ್ನೂ ಭಾರ. ಅವಳು ಡಾಕ್ಟರೇಟಿಗೆ ಬರೆದದ್ದು ಇದನ್ನೇ. ಅದರ ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಮುದಿ ಪ್ರೊಫೆಸರು ಕೇಳಿದ್ದ: ಸರಿ, ಇಷ್ಟು ಹಗುರದ್ದು ಹೊರಟುಹೋದ ಮೇಲೆ ಕಲ್ಲಿದ್ದಲಿನ ತೂಕದಲ್ಲಿ ಏನು ಬದಲಾವಣೆ ಕಾಣುತ್ತದೆ? ಏನೂ ಕಾಣುವುದಿಲ್ಲ ಎಂದು ಅವಳು ಉತ್ತರಿಸಿದ್ದಳು. ಕಲ್ಲಿದ್ದಲಿನಲ್ಲಿ ಇಂಗಾಲ ಅಷ್ಟೊಂದಿರುತ್ತದೆ, ಹೋದದ್ದು ಅದರ ಅಂಕಿಯಲ್ಲಿ ತೋರುವುದೇ ಇಲ್ಲ. ಹಿಂದಿನ ಬೆಂಚಿನಲ್ಲಿ ಕಡ ತಂದ ಟೈ ಕಟ್ಟಿಕೊಂಡು ಕೂತಿದ್ದ ಯೋಖೆನ್‌ಗೆ ಅರ್ಥವಾಗದಿದ್ದರೂ, ಅವಳ ದನಿ ಗಟ್ಟಿಯಾಗಿದ್ದಕ್ಕೇ ತಲೆಯಾಡಿಸಿದ್ದ. ಎಷ್ಟು ಚೆನ್ನಾಗಿ ತಡೆದುಕೊಂಡಿದ್ದಾಳೆ ನೋಡಿ ಎಂದು ಹೆಣವಿಟ್ಟ ದಿನ ಯಾರೋ ಹೇಳಿದ್ದರು. ಒಂದು ಹನಿ ಇಲ್ಲ. ಓದಿದ ಹುಡುಗಿ.

ಪ್ರಯೋಗಾಲಯದಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಅವಳು ಬೇಗ ಬರುವುದೇ ಅದಕ್ಕೆ. ಕೋಟು ಬಿಚ್ಚದೆ ಡಬ್ಬಿಯ ಮುಂದೆ ಸ್ಟೂಲು ಎಳೆದು ಕೂತು ನಲ್ಲಿ ತಿರುಗಿಸಿದಳು. ಕೊಳವೆಯ ನೀರು ಇಳಿಯಲಿಲ್ಲ. ಕೂದಲೆಳೆಯಷ್ಟು ಮೇಲಕ್ಕೇ ಏರಿತು. ಡಬ್ಬಿ ಬಿಡುತ್ತಿಲ್ಲ, ಎಳೆದುಕೊಳ್ಳುತ್ತಿದೆ. ಇದು ಹೊಸದಲ್ಲ, ಕ್ರಿಸ್‌ಮಸ್‌ಗೆ ಮುಂಚಿನಿಂದಲೂ ಹೀಗೆಯೇ. ಅವಳು ಕೈಗವಸು ತೆಗೆದು ಎರಡೂ ಅಂಗೈಗಳಲ್ಲಿ ಡಬ್ಬಿಯನ್ನು ಅಪ್ಪಿ ಹಿಡಿದಳು. ಉಕ್ಕು ಕೊರೆಯುತ್ತಿತ್ತು. ಹಿಡಿದೇ ಇದ್ದಳು. ಮೆಲ್ಲಗೆ, ಯಾರೋ ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ, ನೀರು ಕೆಳಗೆ ಸರಿಯಿತು. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿದೆ, ಅಷ್ಟೆ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಅವಳು ನಲ್ಲಿ ಮುಚ್ಚಿ, ಇಳಿದದ್ದನ್ನು ಬರೆದುಕೊಂಡಳು. ಮೇಲೇರಿದ್ದನ್ನು ಬರೆಯಲಿಲ್ಲ. ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನಿಸುತ್ತಿರಲಿಲ್ಲ. ನೀರು ಇಳಿದದ್ದು ನಿಜ ತಾನೆ. ಇಳಿದಷ್ಟು ದಿನ ತುಂಡನ್ನು ಪುಡಿ ಮಾಡಬೇಕಾಗಿಲ್ಲ, ಸಂಜೆ ಅತ್ತೆಗೆ ಹೇಳಲು ಒಂದು ಮಾತಿರುತ್ತದೆ.

ಈ ಡಬ್ಬಿ ತಂದ ದಿನ ಅವನಿಗೆ ಅವಳು ಬೈದಿದ್ದಳು. ಗಣಿಯ ಬಾಗಿಲಲ್ಲಿ ಕಾದು ನಿಂತಿದ್ದಳು, ಅವನು ಕರಿ ಮುಖದಲ್ಲಿ ಹಲ್ಲು ಬಿಡುತ್ತ ಬಂದ. ಕಿತ್ತ ಮೇಲೆ ಮುಚ್ಚಳ ಬಿಗಿಯಲು ಎಷ್ಟು ಹೊತ್ತಾಯಿತು ಎಂದು ಕೇಳಿದರೆ, ಬ್ರೆಡ್ ತಿನ್ನುತ್ತಿದ್ದೆ, ಆಮೇಲೆ ಬಿಗಿದೆ ಎಂದ.

"ತಲೆ ಇದೆಯಾ ನಿನಗೆ? ಮೊದಲ ಅನಿಲ ಎಲ್ಲಾ ಹೋಯ್ತಲ್ಲ!"

"ಹೋಗಿದ್ದು ಹಗುರದ್ದು ತಾನೆ? ಭಾರದ್ದು ನಿನಗೇ ಉಳಿಸ್ಕೊಂಡು ಬಂದಿದ್ದೀನಲ್ಲೇ."

ಅವನ ಜೊತೆಗಾರರು ಗೊಳ್ಳೆಂದು ನಕ್ಕರು. ಡಾಕ್ಟರಮ್ಮ ಹೊಡೀತಾಳೆ, ಓಡೋ ಸೊಬೊಟ್ಕಾ ಎಂದು ಅವನ ಮನೆತನದ ಹೆಸರು ಹಿಡಿದು ಕೂಗಿದರು. ಅವರೆದುರು ಅವಮಾನವಾದಂತಾಗಿ, ಅವಳು ಡಬ್ಬಿ ಕಿತ್ತುಕೊಂಡು ತಿರುಗಿ ನೋಡದೆ ಬಂದಿದ್ದಳು. ಮನೆಯಲ್ಲಿ ಎರಡು ದಿನ ಮಾತು ಬೇಕಾದಷ್ಟಕ್ಕೇ. ಮುನಿಸು ಇನ್ನೇನು ತಾನಾಗಿ ಕರಗುವುದರಲ್ಲಿತ್ತು.

ಡಾಕ್ಟರ್ ಫೆನ್‌ಹೋಫ್ ಹನ್ನೊಂದು ಗಂಟೆಗೆ ಕರೆಸಿದರು. ಅವರು ವಿಭಾಗದ ಮುಖ್ಯಸ್ಥರು, ಯಾರಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯ. ತಮ್ಮ ಫ್ಲಾಸ್ಕಿನಿಂದ ಅವಳಿಗೂ ಚಹಾ ಬಗ್ಗಿಸಿದಾಗಲೇ ಅವಳಿಗೆ ಹೆದರಿಕೆಯಾಯಿತು. ಮೇಜಿನ ಮೇಲೆ ಚೌಕುಳಿ ಕಾಗದ, ಅದರಲ್ಲಿ ಅವರು ಪೆನ್ಸಿಲಿನಿಂದ ಇಟ್ಟ ಚುಕ್ಕೆಗಳು.

"ಕೂತ್ಕೊಳಿ, ಫ್ರಾವ್ ಸೊಬೊಟ್ಕಾ. ಸಕ್ಕರೆ ಇಲ್ಲ, ಪರವಾಗಿಲ್ವಾ?"

"ಪರವಾಗಿಲ್ಲ."

"ಆ ಒಂದು ಡಬ್ಬಿ ವಿಷಯ." ಅವರು ಕಾಗದವನ್ನು ಅವಳ ಕಡೆ ತಿರುಗಿಸಿದರು. "ಪ್ರತಿ ವಾರ ಒಂಚೂರು ಅನಿಲ ಬರ್ತಾನೇ ಇದೆ ಅಂತ ನೀವು ಕೊಟ್ಟಿದ್ದೀರಿ. ನನಗೂ ಆಶ್ಚರ್ಯ ಆಯ್ತು, ಬೇರೆ ಡಬ್ಬಿಗಳೆಲ್ಲ ಯಾವಾಗಲೋ ನಿಂತುಹೋದ್ವು. ಅದಕ್ಕೆ ಇಂಗಾಲದ ಅಂಕಿ ಹಾಕಿ ನೋಡಿದೆ. ಇಲ್ಲೀತನಕ ನೋಡಿ, ವಾರಕ್ಕೆ ವಾರ ಭಾರ ಆಗ್ತಾ ಬಂದಿದೆ, ಮೆಟ್ಟಿಲು ಹತ್ತಿದ ಹಾಗೆ. ಇಲ್ಲಿಂದಾಚೆ ಒಂದೇ ಮಟ್ಟ."

ಅವಳು ನೋಡಿದಳು. ಚುಕ್ಕೆಗಳು ಮೆಟ್ಟಿಲು ಹತ್ತಿ, ಒಂದು ಕಡೆ ನಿಂತು, ಮೇಜಿನಷ್ಟು ಸಪಾಟಾಗಿ ಸಾಗಿದ್ದವು. ಸೀಸೆಗಳನ್ನು ತುಂಬಿ ಕೊಟ್ಟವಳು ಅವಳೇ. ನೀರನ್ನು ಕೈಯಿಂದ ಇಳಿಸಬಹುದು. ಇಂಗಾಲವನ್ನು ಭಾರ ಮಾಡಲಾಗುವುದಿಲ್ಲ. ಇದರ ಮೇಲೇ ಪುಸ್ತಕ ಬರೆದು ಪದವಿ ಪಡೆದವಳಿಗೆ ಇದು ಹೊಳೆದಿರಲಿಲ್ಲ. ಅಥವಾ ಯಾರಾದರೂ ನೋಡಲೆಂದೇ ತುಂಬಿ ಕೊಟ್ಟಳೇ? ಅವಳಿಗೆ ಗೊತ್ತಾಗಲಿಲ್ಲ.

"ಹೊಸ ಅನಿಲ ಬಂದಿದ್ರೆ ಹೀಗೆ ಇರೋಕಾಗಲ್ಲ," ಎಂದರು ಫೆನ್‌ಹೋಫ್, ಅವಳ ಬದಲು ಚಹಾ ನೋಡುತ್ತ. "ಅದೇ ಹಳೇ ಗಾಳಿ ಒಳಗೆ ಹೊರಗೆ ಓಡಾಡ್ತಿದೆ."

"ಕೋಣೆ ಬಿಸಿ ಇರಬೇಕು."

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಹೊಸ ಡಬ್ಬಿಗಳೂ ಅದೇ ಕೋಣೇಲಿವೆಯಲ್ಲ."

ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದರು. ಇರ್ಮೆಲಾ ತನ್ನ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಳು.

"ನನ್ನ ಕೈ," ಎಂದಳು.

"ಏನಂದ್ರಿ?"

"ಕೈಯ ಬಿಸಿ. ನಾನು ಹಿಡ್ಕೊಂಡು ಕೂತಿರ್ತಿದ್ದೆ."

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲು ಮರೆತರು. ಬೈದಿದ್ದರೆ ಚೆನ್ನಾಗಿತ್ತು. ಸಪಾಟಾದ ಚುಕ್ಕೆಗಳ ಮೇಲೆ ಪೆನ್ಸಿಲಿನಿಂದ ಮೆತ್ತಗೆ ಒಂದು ಗೆರೆ ಎಳೆದರು, ನೋವಾಗಬಾರದೆಂಬ ಹಾಗೆ. "ಇವತ್ತು ಪುಡಿ ಮಾಡ್ಬಿಡೋಣ," ಎಂದರು. "ರೋಸ್ವಿತಾ ಮಾಡ್ತಾಳೆ. ನೀವು ಬೇಕಾದ್ರೆ ಮನೆಗೆ ಹೋಗಿ."

"ಬೇಡ. ನಾನೇ ಮಾಡ್ತೀನಿ."

ಚಹಾ ಹಾಗೇ ಉಳಿಯಿತು. ಬಾಗಿಲವರೆಗೆ ಹೋಗಿ ಅವಳು ವಾಪಸು ಬಂದು, ಅಷ್ಟನ್ನೂ ನಿಂತೇ ಕುಡಿದು, ಕಪ್ಪು ಕೆಳಗಿಟ್ಟು ಹೋದಳು. ಯಾಕೆ ಹಾಗೆ ಮಾಡಿದೆನೆಂದು ಆಮೇಲೆ ಮೆಟ್ಟಿಲಲ್ಲಿ ನಾಚಿಕೆಯಾಯಿತು.

ಗಿರಣಿಯ ಕೋಣೆಯಲ್ಲಿ ಅವಳ ಸಹಾಯಕಿ ರೋಸ್ವಿತಾ ಆಗಲೇ ಎಲ್ಲ ಸಿದ್ಧ ಮಾಡಿದ್ದಳು. ಅವಳಿಗೆ ಯಾರು ಹೇಳಿದರೋ. ಇರ್ಮೆಲಾ ಡಬ್ಬಿಯ ಮುಚ್ಚಳದ ತಿರುಪುಮೊಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಬಿಗಿದವನು ಬ್ರೆಡ್ ತಿಂದ ಕೈಯಲ್ಲಿ ಬಲವಾಗಿಯೇ ಬಿಗಿದಿದ್ದ. ಅವನ ಕೈ ತಿರುಗಿಸಿದ್ದನ್ನು ತನ್ನ ಕೈ ಸಡಿಲಿಸುತ್ತಿದೆ ಎಂಬ ಯೋಚನೆ ಬಂತು, ಬಂದು ಅಲ್ಲೇ ನಿಂತಿತು, ಅದರಿಂದ ಏನೂ ಆಗಲಿಲ್ಲ. ಮುಚ್ಚಳ ತೆಗೆದಳು. ಇಷ್ಟು ತಿಂಗಳು ಅವಳು ಕೈಯಲ್ಲಿ ಹಿಡಿದು ಕೂತಿದ್ದರೂ ತುಂಡನ್ನು ನೋಡಿರಲಿಲ್ಲ. ಏನೋ ಇರುತ್ತದೆ ಅಂದುಕೊಂಡಿದ್ದಳು. ಒಂದು ಬದಿ ಹೊಳೆಯುತ್ತಿತ್ತು, ಒಂದು ಬದಿ ಮಂಕು. ಮನೆಯ ಮುಂದಿನ ರಾಶಿಗೆ ಎಸೆದರೆ ಅವಳಿಗೇ ಗುರುತು ಸಿಗುತ್ತಿರಲಿಲ್ಲ.

"ನಾನು ಹಾಕ್ಲೇನೇ?"

"ಬೇಡ."

"ಬೇಗ ಹಾಕು ಹಾಗಾದ್ರೆ, ಗಾಳಿ ತಾಗುತ್ತೆ. ಹತ್ತಿ ತಗೋ, ಕಿವಿಗೆ. ಸದ್ದು ಜೋರಿರುತ್ತೆ."

ಅವಳು ಹತ್ತಿ ತೆಗೆದುಕೊಳ್ಳಲಿಲ್ಲ. ಉಕ್ಕಿನ ಗುಂಡುಗಳ ನಡುವೆ ತುಂಡನ್ನಿಟ್ಟು, ಗಿರಣಿ ಮುಚ್ಚಿ, ಗುಂಡಿ ಒತ್ತಿದಳು. ಮೊದಲು ದಡದಡ, ಆಮೇಲೆ ಕರಕರ, ಕೊನೆಗೆ ಮರಳು ಜರಡಿಯಾಡಿದಂತಹ ಸದ್ದು. ಅಷ್ಟು ಹೊತ್ತೂ ರೋಸ್ವಿತಾ ಆ ಸದ್ದಿನ ಮೇಲೆ ಕಿರುಚುತ್ತ ತನ್ನ ಮಗಳು ಹೊಸ ಬೂಟು ಒಂದೇ ಒಂದನ್ನು ಟ್ರಾಮಿನಲ್ಲಿ ಬಿಟ್ಟು ಬಂದ ಕಥೆ ಹೇಳಿದಳು. "ಒಂದನ್ನ ಹೇಗೆ ಮರೀತಾರೇ ಯಾರಾದ್ರೂ? ಕುಂಟ್ಕೊಂಡು ಬಂತು ಮನೆಗೆ, ದೇವರಾಣೆ!" ಅವಳು ಸುಮ್ಮನಿರಲು ಹೆದರುತ್ತಿದ್ದಾಳೆ ಎಂದು ಇರ್ಮೆಲಾಗೆ ತಿಳಿಯಿತು. ತಿಳಿದು, ಇಡೀ ದಿನದಲ್ಲಿ ಮೊದಲ ಬಾರಿಗೆ ಯಾರ ಮೇಲೋ ಅವಳಿಗೆ ಪ್ರೀತಿ ಬಂತು.

ಗಿರಣಿ ನಿಂತಿತು. ಅದು ತಣ್ಣಗಾಗುವತನಕ ಕಾದು, ನಲ್ಲಿ ತಿರುಗಿಸಿ, ಇಬ್ಬರೂ ಕೊಳವೆಯ ಕಡೆ ನೋಡಿದರು. ನೀರು ಇಳಿಯತೊಡಗಿತು. ಅವಳ ಅಂಗೈ ಇಳಿಸುತ್ತಿದ್ದ ಗುರುತನ್ನು ಅದು ಗಮನಿಸದೆ ದಾಟಿತು. ಇಳಿಯಿತು, ಇಳಿಯುತ್ತಲೇ ಹೋಯಿತು. ಕೊಳವೆಯ ಬುಡ ಮುಟ್ಟಿದಾಗ ರೋಸ್ವಿತಾ ಓಡಿಹೋಗಿ ದೊಡ್ಡ ಕೊಳವೆ ತಂದಳು.

"ಅಯ್ಯೋ ದೇವ್ರೇ, ಒಳಗೆ ಇಷ್ಟೊಂದಿತ್ತಾ!"

ಇಷ್ಟೊಂದಿತ್ತು. ಮಧ್ಯಾಹ್ನ ಇಂಗಾಲದ ಅಂಕಿ ಬಂತು. ಮೊದಲಿನಿಂದ ಬಂದದ್ದರಲ್ಲೆಲ್ಲ ಇದೇ ಹೆಚ್ಚು ಭಾರ. ಫೆನ್‌ಹೋಫ್‌ರ ಮೆಟ್ಟಿಲಿನ ಮೇಲೆ, ಗೆರೆ ಎಳೆದ ಜಾಗದಿಂದ ತುಂಬ ಎತ್ತರದಲ್ಲಿ ಅದಕ್ಕೊಂದು ಚುಕ್ಕೆ. ಖಾಲಿಯಾಗಿದೆಯೆಂದುಕೊಂಡು ಅವಳು ವಾರವಾರವೂ ಕೈಯಲ್ಲಿ ಹಿಡಿದು ಒಂದೆರಡು ಹನಿ ಕದಿಯುತ್ತಿದ್ದಳು. ಖಾಲಿಯಾಗಿರಲೇ ಇಲ್ಲ. ಎಷ್ಟು ಹಿಡಿದು ಕೂತಿದ್ದರೂ ಇದು ಬರುತ್ತಿರಲಿಲ್ಲ. ಪುಡಿಯನ್ನು ಕಸಕ್ಕೆ ಹಾಕಬೇಕಿತ್ತು. ಬೇರೆ ಡಬ್ಬಿಗಳದ್ದೆಲ್ಲ ಹಾಗೇ ಹೋಗಿತ್ತು. ಅವಳು ಒಂದು ಜಾಮ್ ಬಾಟಲಿಗೆ ತುಂಬಿ ಚೀಲದಲ್ಲಿ ಇಟ್ಟುಕೊಂಡಳು. ರೋಸ್ವಿತಾ ನೋಡದವಳಂತೆ ಗಿರಣಿ ತೊಳೆಯುತ್ತಿದ್ದಳು.

ಮನೆಗೆ ಬಂದಾಗ ಆಲ್ವಿನೆ ಆಗಲೇ ಸಲಿಕೆ ಹಿಡಿದು ರಾಶಿಯ ಮುಂದೆ ನಿಂತಿದ್ದಳು. ಬೆಳಕಿನ್ನೂ ಸ್ವಲ್ಪ ಉಳಿದಿತ್ತು. ಇರ್ಮೆಲಾ ಚೀಲವನ್ನು ಬಾಗಿಲಲ್ಲಿಟ್ಟು ಇನ್ನೊಂದು ಸಲಿಕೆ ತೆಗೆದುಕೊಂಡಳು. ನೆಲಮಾಳಿಗೆಯ ಕಿಂಡಿಯೊಳಗೆ ಕಲ್ಲಿದ್ದಲು ಉರುಳುವ ಸದ್ದಿನಲ್ಲಿ ಇಬ್ಬರೂ ಕೆಲಸ ಮಾಡಿದರು.

"ಬಿಡ್ತಾ?" ಎಂದಳು ಆಲ್ವಿನೆ.

ಒಂಚೂರು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ನಾಳೆ ಬೆಳಿಗ್ಗೆಯೂ ಹೇಳಬಹುದಿತ್ತು, ನಾಡಿದ್ದೂ.

"ಪುಡಿ ಮಾಡ್ದೆ ಅತ್ತೆ, ಇವತ್ತು."

ಆಲ್ವಿನೆಯ ಸಲಿಕೆ ನಿಲ್ಲಲಿಲ್ಲ. ಇನ್ನೊಂದು ಸಲ ತುಂಬಿ ಕಿಂಡಿಗೆ ಸುರಿದಳು. ಆಮೇಲೆ ನಿಂತಳು.

"ನಿಂತುಹೋಗಿತ್ತಾ?"

"ಕ್ರಿಸ್‌ಮಸ್‌ಗೆ ಮುಂಚೇನೇ ನಿಂತಿತ್ತು. ನಿಮಗೆ ಸುಳ್ಳು ಹೇಳ್ತಿದ್ದೆ. ನಾನೇ ಕೈಯಲ್ಲಿ ಹಿಡ್ಕೊಂಡು ಬಿಸಿ ಮಾಡ್ತಿದ್ದೆ, ಅದಕ್ಕೆ ನೀರು ಇಳೀತಿತ್ತು."

"ಕೈಯಲ್ಲಾ?" ಆಲ್ವಿನೆ ಅವಳ ಕಡೆ ನೋಡಿದಳು. "ನಿನ್ನ ಕೈ ಯಾವಾಗ್ಲೂ ಮಂಜುಗಡ್ಡೆ ಅಲ್ವೇನೇ. ನನ್ನ ಮಗ ದೂರು ಹೇಳ್ತಿದ್ದ: ಅಮ್ಮಾ, ನಿನ್ನ ಸೊಸೆ ರಾತ್ರಿ ಬೆನ್ನಿಗೆ ಕೈ ಇಟ್ರೆ ಜೀವ ಹೋದ ಹಾಗಾಗುತ್ತೆ ಅಂತ."

ಹೇಳಿ ಆಲ್ವಿನೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಕೈಯ ಮಸಿ ತುಟಿಗೆ ಹತ್ತಿತು. ಹಾಗೆ ನಿಂತವಳು ನಗುತ್ತಿದ್ದಾಳೋ ಏನೋ ಇರ್ಮೆಲಾಗೆ ತಿಳಿಯಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

"ಒಳಗೆ ಇನ್ನೂ ಏನಾದ್ರೂ ಇತ್ತಾ?" ಎಂದು ಕೈ ಇಳಿಸಿ ಕೇಳಿದಳು.

"ಇತ್ತು. ತುಂಬಾ ಇತ್ತು."

"ಹ್ಞಾ," ಎಂದಳು ಆಲ್ವಿನೆ. ಮತ್ತೆ ಸಲಿಕೆ ಎತ್ತಿದಳು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಇರ್ಮೆಲಾ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಆಲ್ವಿನೆ ಅದನ್ನೆತ್ತಿ, ಮಾರುಕಟ್ಟೆಯಲ್ಲಿ ತೂಕ ನೋಡುವವಳಂತೆ ಅಂಗೈಯಲ್ಲಿ ಆಡಿಸಿದಳು. ಬೆಳಕಿಗೆ ಹಿಡಿದಳು. ಒಳಗಿನ ಪುಡಿ ಒಂದು ಬದಿಗೆ ಜಾರಿತು.

"ಇದನ್ನೇನು ಮಾಡ್ತೀಯ? ಬೀರುವಿನಲ್ಲಿ ಇಟ್ಕೋತೀಯಾ?"

"ಗೊತ್ತಿಲ್ಲ."

"ಈ ಮನೇಲಿ ಕಲ್ಲಿದ್ದಲನ್ನ ಯಾರೂ ಬೀರುವಿನಲ್ಲಿ ಇಟ್ಟಿಲ್ಲ ಮಗಳೇ. ಯೋಖೆನ್ ಅಪ್ಪನೂ ಇಟ್ಟಿಲ್ಲ. ತಂದಿದ್ದನ್ನ ಉರಿಸಿದ್ವಿ, ಅಷ್ಟೇ."

ಅವಳು ಒಪ್ಪಿಗೆಗೆ ಕಾಯುವವಳಂತೆ ನಿಂತಳು. ಇರ್ಮೆಲಾ ಬೇಡವೆನ್ನಲಿಲ್ಲ. ಆಲ್ವಿನೆ ಬಗ್ಗಿ, ಕೊಕ್ಕೆಯಿಂದ ಒಲೆಯ ಬಾಗಿಲು ತೆರೆದು, ಬಾಟಲಿಯನ್ನು ಬೋರಲು ಹಾಕಿ ತಟ್ಟಿದಳು. ಕೆಂಡ ಕಪ್ಪಾಯಿತು. ಪುಡಿ ಉಸಿರು ಕಟ್ಟಿಸಿದಂತೆ ಬೆಂಕಿ ಪೂರಾ ಆರಿಹೋಯಿತೆನ್ನಿಸಿತು. ಹಳದಿ ಹೊಗೆ ಬಾಗಿಲಿಂದ ಹೊರಗೆ ಸುರುಳಿಯಾಗಿ ಬಂತು, ಆಲ್ವಿನೆ ಕೆಮ್ಮಿದಳು. ಇಬ್ಬರೂ ನೋಡುತ್ತ ನಿಂತರು. ಆಮೇಲೆ ಕಪ್ಪಿನ ಒಂದು ಮೂಲೆಯಲ್ಲಿ ಕೆಂಪು ಹತ್ತಿತು, ಅದು ಸದ್ದಿಲ್ಲದೆ ಹರಡಿತು, ಒಲೆಯ ಬಾಯಿ ಪೂರ್ತಿ ಬೆಳಗಿತು.

"ಕೈ ತೊಳ್ಕೊಂಡು ಬಾ," ಎಂದವಳು, ಇರ್ಮೆಲಾಳ ಕೈಯನ್ನು ತಾನೇ ಹಿಡಿದು ನೋಡಿ, "ಇರಲಿ. ಮೊದಲು ಇಲ್ಲಿ ಕೂರು," ಎಂದಳು.

ಇರ್ಮೆಲಾ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಸಿಯಾದ ಎರಡೂ ಕೈಗಳನ್ನು ಚಾಚಿದಳು. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಬೆರಳ ತುದಿಗಳಿಂದ ನೋವು ಶುರುವಾಯಿತು, ಮರಗಟ್ಟಿದ ಕೈಗೆ ಬಿಸಿ ತಾಗಿದಾಗ ಆಗುವ ನೋವು. ಅದು ಮಣಿಕಟ್ಟಿಗೆ ಏರಿತು, ಮೊಣಕೈಗೆ ಏರಿತು. ಹಿಂದೆ ಆಲ್ವಿನೆ ಆಲೂಗಡ್ಡೆಯ ನೀರು ಬಸಿಯುತ್ತಿದ್ದಳು. ಇರ್ಮೆಲಾ ಕೈ ಹಿಂದಕ್ಕೆ ತೆಗೆಯಲಿಲ್ಲ.